ಹೆಬ್ಬೆರಳ ಕೆಳಗಿದ್ದ ವಚನ

ಸುಗುಣಾ, ಆ ಚೀಟಿಯನ್ನು ನಿನಗೆ ಕೊಟ್ಟದ್ದು ದೇವರಲ್ಲ. ನಾನು.

ಬರೆದೆ. ಹನ್ನೆರಡು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು — ಬರೆದರೆ ಎದೆ ಹಗುರಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ಬಂದೆ. ನೀರು ಕುಡಿದೆ. ಮತ್ತೆ ಕುಳಿತೆ. ಹಾಳೆಯನ್ನು ಹರಿದುಹಾಕಲು ಒಂದು ಸಲ ಕೈ ಹೋಯಿತು, ಎರಡನೆಯ ಸಲವೂ ಹೋಯಿತು. ನಲವತ್ತೆಂಟು ವರ್ಷದ ಹೆಂಗಸು, ಮಕ್ಕಳ ತಪ್ಪಿಗೆಲ್ಲ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಲೇ ಕೂದಲು ನರೆಸಿಕೊಂಡವಳು, ನನ್ನ ಒಂದೇ ಒಂದು ತಪ್ಪನ್ನು ಬರೆಯಲು ಹೀಗೆ ಒದ್ದಾಡುತ್ತಿದ್ದೇನೆ.

ಈಗ ಶನಿವಾರ ಮಧ್ಯಾಹ್ನ. ನೀನು ಹೊಲಿಗೆ ಕ್ಲಾಸಿಗೆ ಹೋಗಿದ್ದೀಯ, ನಾಲ್ಕೂವರೆಗೆ ಬರುತ್ತೀಯ. ಹೋಗುವಾಗ ನನ್ನ ಮುಂದೆ ಹಳೆಯ ಮದುವೆ ಕಾಗದಗಳಿಂದ ಕತ್ತರಿಸಿದ ನಲವತ್ತು ಚೀಟಿಗಳನ್ನೂ ಶಾಯಿ ಕುಪ್ಪಿಯನ್ನೂ ಇಟ್ಟು ನೀನು ಹೇಳಿದ್ದು ಇಷ್ಟು: "ಅಕ್ಕಾ, ಹಳೇ ಚೀಟಿ ಎಲ್ಲಾ ಮಾಸಿ ಹೋಗ್ಯಾವೆ. ನಾಳೆ ಹರಿಹರಕ್ಕ ಪ್ರೇಮಲತಾನ ಹತ್ರ ಹೋಗೋದೈತೆ. ಹೊಸಾವು ಬರ್ದಿಡ್ರಿ. ಆ ನನ್ನ ವಚನ ಒಂದು ಮಾತ್ರ ಬಿಡಬ್ಯಾಡ್ರಿ."

ಸತ್ಯವೇದದ ಆ ನಿನ್ನ ವಚನ. ನೀನು ಅತ್ತ ಹೋದ ಮೇಲೆ ಒಂದು ಚೀಟಿ ಎತ್ತಿಕೊಂಡು ಅದನ್ನೇ ಬರೆಯಲು ಕುಳಿತೆ. ಎರಡು ಅಕ್ಷರ ಬರೆದೆ, ಮುಂದಕ್ಕೆ ಹೋಗಲಿಲ್ಲ. ಚೀಟಿ ಸರಿಸಿ ಈ ಹಾಳೆ ತೆಗೆದುಕೊಂಡೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನಾಳೆ ಪ್ರೇಮಲತಾ ಕೂಡ ಓದಬೇಕಾಗಬಹುದು. ಅವಳಿಗೆ ಇಪ್ಪತ್ತೈದು. ಗಂಡ ಹೋಗಿ ಎರಡು ವರ್ಷ, ಮನೆಯಲ್ಲಿ ಮುದುಕಿ ಅತ್ತೆ. ಮಾಸ್ತರೊಬ್ಬರು ಮದುವೆಯಾಗುತ್ತೇನೆ ಎಂದು ಕೇಳಿ ಕಳಿಸಿದ್ದಾರೆ. ಒಪ್ಪಲೋ ಬಿಡಲೋ ತಿಳಿಯದೆ ಅವಳು ನಿನ್ನನ್ನು ಕೇಳಿದ್ದಾಳೆ — ಯಾಕೆಂದರೆ ಅಂಥದೇ ಪ್ರಶ್ನೆಗೆ ದೇವರಿಂದ ನೇರವಾಗಿ ಉತ್ತರ ಪಡೆದವಳು ನೀನೊಬ್ಬಳೇ ಎಂದು ದಾವಣಗೆರೆ ಹರಿಹರದ ನಮ್ಮ ಜನರೆಲ್ಲ ನಂಬಿದ್ದಾರೆ. ನಂಬಿಸಿದವಳು ನಾನು.

ನೀನು ಈ ಮನೆಗೆ ಬಂದಾಗ ನಿನಗೆ ಹತ್ತೊಂಬತ್ತು. ನನ್ನ ತಮ್ಮ ಪ್ರಕಾಶ ಹತ್ತಿ ಗಿರಣಿಯಲ್ಲಿ ಗುಮಾಸ್ತ. ನಾಲ್ಕು ವರ್ಷ ಸಂಸಾರ ಮಾಡಿದಿರಿ, ವಿಷಮಶೀತಜ್ವರ ಬಂದು ಹದಿನೆಂಟು ದಿನದಲ್ಲಿ ಅವನು ಹೋದ. ಅದಾಗಿ ಆರು ತಿಂಗಳಿಗೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ನಾನು ಬೆಳಿಗ್ಗೆ ಶಾಲೆಗೆ ಹೋದರೆ ಸಂಜೆ ಬರುವವಳು. ಅವ್ವನನ್ನು ಎತ್ತಿ, ತೊಳೆದು, ಗಂಜಿ ಕುಡಿಸಿ, ಮಗ್ಗುಲು ಬದಲಿಸಿದವಳು ನೀನು. ಊರಿನವರು ನನ್ನನ್ನು ನೋಡಿ, "ಟೀಚರಮ್ಮಾರು ತಾಯಿನ್ನ ಎಷ್ಟ್ ಚೆಂದ ನೋಡ್ಕೊಂಡಾರೆ" ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ವಿನಯದಿಂದ ಕೇಳಿಕೊಳ್ಳುತ್ತಿದ್ದೆ. ಆ ವಿನಯ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ದಾನಿಯೇಲಪ್ಪನವರು ಬಂದದ್ದು ಆಗ. ಬೆಟಗೇರಿಯ ಕಡೆಯವರು, ಹರಿಹರದ ಮಷೀನು ಕಾರ್ಖಾನೆಯಲ್ಲಿ ಫಿಟರು. ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಹರಿಹರದಲ್ಲಿ ಆಗ ಆರಾಧನೆಗೆ ಸರಿಯಾದ ಜಾಗವಿರಲಿಲ್ಲ, ಭಾನುವಾರ ರೈಲು ಹತ್ತಿ ಇಲ್ಲಿಗೆ ಬರುತ್ತಿದ್ದರು. ಒಂದು ಭಾನುವಾರ ಅವ್ವನನ್ನು ನೋಡಲು ಮನೆಗೆ ಬಂದರು. ಮಲಗಿದಲ್ಲೇ ನೀನು ಗಂಜಿ ಕುಡಿಸುವಾಗ ಅವ್ವನಿಗೆ ನೆತ್ತಿಗೆ ಹತ್ತಿತು. ಅವರು ಮಂಚದ ಅಗಲವನ್ನು ಗೇಣಿನಲ್ಲಿ ಅಳೆದುಕೊಂಡು ಹೋದರು. ಮರುವಾರ ಹೆಗಲ ಮೇಲೆ ಒಂದು ಕಬ್ಬಿಣದ ಒರಗು ಹೊತ್ತುಕೊಂಡು ಬಂದು ಮಂಚಕ್ಕೆ ಜೋಡಿಸಿದರು. ಹಿಡಿ ತಿರುಗಿಸಿದರೆ ಅವ್ವ ಮೆಲ್ಲಗೆ ಎದ್ದು ಕೂರುತ್ತಿದ್ದಳು. ಅವತ್ತು ಅವಳು ಎಷ್ಟೋ ತಿಂಗಳ ಮೇಲೆ ಕಿಟಕಿಯಾಚೆ ರಸ್ತೆ ನೋಡಿದಳು. ನೀನು ನಕ್ಕೆ. ನಿನ್ನ ನಗುವನ್ನು ಅವರು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ.

ಡಿಸೆಂಬರಿನಲ್ಲಿ ಪಾದ್ರಿ ಅಯ್ಯನವರು ಆ ಮಾತು ತಂದರು. ನಮ್ಮ ಪಡಸಾಲೆಯ ಬೆಂಚಿನ ಮೇಲೆ ಕುಳಿತು, ಕನ್ನಡಕ ಒರೆಸಿಕೊಳ್ಳುತ್ತ, ನಮ್ಮಿಬ್ಬರಿಗೂ ಕೇಳುವ ಹಾಗೆ ಹೇಳಿದರು: "ಒಳ್ಳೇ ಮನುಷ್ಯ ಅಂತ ನಾನು ಬಲ್ಲೆ. ಆದ್ರೆ ನಾನು ಹೇಳಿದೆ ಅಂತ ಒಪ್ಪಬ್ಯಾಡ್ರಿ. ಸುಗುಣಮ್ಮ ಅವರ ಸಂಗಡ ನಾಕು ಮಾತು ಆಡ್ಲಿ. ಅವ್ವಾರ್ನ ಕೇಳ್ಲಿ. ಪ್ರಾರ್ಥನೆ ಮಾಡ್ಲಿ. ಅವಸರ ಏನೈತೆ?" ಎಷ್ಟು ಸಾದಾ ಸಲಹೆ! ನನಗೆ ಆಗ ಅದು ಪೇಲವ ಅನ್ನಿಸಿತು. ಒಬ್ಬ ಪಾದ್ರಿಗಳು, ಇಷ್ಟು ದೊಡ್ಡ ವಿಷಯಕ್ಕೆ, ಹೋಗಿ ಮಾತಾಡಿ ನೋಡಿ ಅನ್ನುವುದೇ?

ಇನ್ನೊಂದು ಸಲಹೆಯೂ ಬಂತು. ಅದು ನಿನಗೆ ಗೊತ್ತಿಲ್ಲ. ಪಕ್ಕದ ಮನೆಯ ಖುರ್ಶೀದಬೀ — ಅವರ ಯಜಮಾನರು ಆಗಲೂ ಇಲ್ಲೇ ಕಲಾಯಿ ಹಾಕುತ್ತಿದ್ದರಲ್ಲ — ಗೋಡೆಯಾಚೆಯಿಂದ ಕರೆದು ಕೇಳಿದರು. "ಏನು ವಿಚಾರ ಮಾಡ್ತೀರಿ ಟೀಚರಮ್ಮಾ? ಆ ಮನುಷ್ಯ ಬಂದು ಹೋದ ದಿನ ನಿಮ್ಮ ಸುಗುಣಾ ಪಾತ್ರೆ ತೊಳೀತಾ ಹಾಡ್ತಾಳೆ. ಮದುವಿ ಮಾಡಿಕೊಡ್ರಿ ಸುಮ್ನೆ."

ನಾನು ಶಾಲೆಯ ದನಿಯಲ್ಲಿ, "ನಮ್ಮಲ್ಲಿ ಹಂಗೆ ಆಗಲ್ರಿ ಬೀಬೀ, ದೇವರ ಚಿತ್ತ ಏನೈತೆ ನೋಡಬೇಕು" ಎಂದೆ.

"ನೋಡ್ರಿ ಮತ್ತೆ. ಆ ಹುಡುಗಿ ಮುಖದಾಗ ಬರ್ದಿಲ್ಲೇನು?" ಅಂದು ಅವರು ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ನಮ್ಮ ಸತ್ಯವೇದ ಓದದವರು, ನಮ್ಮ ಸಭೆಗೆ ಕಾಲಿಡದವರು. ಅವರ ಮಾತಿಗೆ ಏನು ಬೆಲೆ ಎಂದು ನಾನು ಕೈ ಕೊಡವಿದೆ. ಆ ಡಿಸೆಂಬರಿನಲ್ಲಿ ನಿನ್ನ ಸುತ್ತ ಇದ್ದವರಲ್ಲಿ ನಿನ್ನ ಮದುವೆಯಿಂದ ಏನನ್ನೂ ಪಡೆಯದ, ಏನನ್ನೂ ಕಳೆದುಕೊಳ್ಳದ ಒಬ್ಬಳೇ ಹೆಂಗಸು ಅವರು. ಇದು ನನಗೆ ಹೊಳೆದದ್ದು ವರ್ಷಗಳ ಮೇಲೆ. ಸಲಹೆಯನ್ನು ತೂಗುವಾಗ ಹೇಳಿದವರಿಗೆ ಎಷ್ಟು ವಚನ ಬಾಯಿಪಾಠ ಇದೆ ಎಂದು ನಾವು ನೋಡುತ್ತೇವೆ. ಹೇಳಿದವರಿಗೆ ಅದರಿಂದ ಏನಾಗಬೇಕಿದೆ ಎಂದು ಯಾಕೆ ನೋಡುವುದಿಲ್ಲ?

ಆಮೇಲೆ, ಹೊಸ ವರ್ಷಕ್ಕೆ ನಾಲ್ಕು ದಿನ ಇರುವಾಗ, ನೀನು ಕಲ್ಲಿನ ಮುಂದೆ ಚಟ್ನಿ ಅರೆಯುತ್ತ ಕುಳಿತಿದ್ದವಳು ಕೈ ನಿಲ್ಲಿಸಿ ಹೇಳಿದೆ. ನಾನು ಆಗ ಶಾಲೆಯ ಭೂಪಟ ತಿದ್ದುತ್ತಿದ್ದೆ. ಕನ್ನಡ ಸೀಮೆಯೆಲ್ಲ ಸೇರಿ ಒಂದೇ ರಾಜ್ಯವಾಗಿ ಎರಡು ತಿಂಗಳು, ಹೊಸ ಭೂಪಟ ಇನ್ನೂ ಬಂದಿರಲಿಲ್ಲ. ಬೆಟಗೇರಿ ಈಗ ನಮ್ಮದೇ ರಾಜ್ಯ ನೋಡು ಎಂದು ನಿನ್ನನ್ನು ಕೆಣಕಿದ್ದೆ ಕೂಡ. ನೀನು ನಗಲಿಲ್ಲ.

"ಅಕ್ಕಾ, ನನಗೆ ಗೊತ್ತಾಗ್ತಾ ಇಲ್ಲ. ಮನಸ್ಸು ಹೂಂ ಅಂತೈತೆ. ಅವ್ವನ್ನ ನೋಡಿದ್ರೆ ಬ್ಯಾಡ ಅಂತೈತೆ. ಹೊಸ ವರ್ಷದ ದಿನ ನನ್ನ ಕೈಗೆ ಯಾವ ವಚನ ಬರ್ತೈತೋ ಅದೇ ಉತ್ತರ ಅಂತ ತಿಳ್ಕೊಂತೀನಿ. ನೀವೇ ಓದಿ ಅರ್ಥ ಹೇಳ್ರಿ."

ನಮ್ಮ ಸಭೆಯ ಪದ್ಧತಿ ಅದು. ವರ್ಷದ ಮೊದಲ ದಿನ, ಬೆಳಗಿನ ಆರಾಧನೆ ಮುಗಿದ ಮೇಲೆ, ಹಿತ್ತಾಳೆಯ ತಟ್ಟೆಯಲ್ಲಿ ಚೀಟಿಗಳನ್ನು ಬೋರಲು ಹಾಕಿ ಹಿಡಿಯುತ್ತಾರೆ. ಒಂದೊಂದರಲ್ಲಿ ಸತ್ಯವೇದದ ಒಂದೊಂದು ವಚನ. ನೋಡದೆ ಒಂದನ್ನು ತೆಗೆದುಕೊಳ್ಳಬೇಕು. ಆ ವರ್ಷಕ್ಕೆಲ್ಲ ಅದೇ ದೇವರು ನಿನಗಿತ್ತ ಮಾತು. ಕೆಲವರು ಅದನ್ನು ಫೋಟೋದ ಗಾಜಿಗೆ ಸಿಕ್ಕಿಸುತ್ತಾರೆ, ಕೆಲವರು ಅಕ್ಕಿ ಡಬ್ಬಿಯಲ್ಲಿ ಇಡುತ್ತಾರೆ. ಕಷ್ಟದ ದಿನ ತೆಗೆದು ಓದಿಕೊಂಡು ಸಮಾಧಾನ ಪಡೆಯಲಿ ಎಂದು ಮಾಡಿದ ಪದ್ಧತಿ. ಹೂಂ ಅಥವಾ ಉಹೂಂ ಅನ್ನುವುದಕ್ಕೆ ಮಾಡಿದ್ದಲ್ಲ. ನನಗೆ ಇದು ಗೊತ್ತಿತ್ತು. ಅಯ್ಯನವರೂ ಎಷ್ಟೋ ಸಲ ಹೇಳಿದ್ದರು. ಆಗ ನಾನು, 'ಹುಚ್ಚಿ, ಅದಕ್ಕಲ್ಲ ಚೀಟಿ ಇರೋದು, ಹೋಗಿ ಅವರ ಹತ್ತಿರ ಮಾತಾಡು' ಎಂದು ಒಂದು ಮಾತು ಹೇಳಿದ್ದರೆ —

ಹೇಳಲಿಲ್ಲ. "ಆಗ್ಲಿ, ದೇವರು ತೋರಿಸ್ತಾನೆ" ಅಂದೆ. ಯಾಕೆಂದರೆ ಅಷ್ಟೂ ಚೀಟಿಗಳನ್ನು ಬರೆಯುವವಳು ನಾನು. ಅಕ್ಷರ ದುಂಡಗಿದೆ ಎಂದು ಆ ಕೆಲಸ ನನಗೇ ಬಿಟ್ಟಿತ್ತು, ಹೆಂಗಸರ ಕಡೆ ತಟ್ಟೆ ಹಿಡಿಯುವವಳೂ ನಾನೇ.

ಮರುದಿನ ಮನೆಯಲ್ಲಿ ನೀನು ಅವ್ವನಿಗೆ ಎಣ್ಣೆ ಹಚ್ಚುತ್ತಿರುವಾಗ ಆ ವಚನ ಬರೆದೆ. ಗಂಡನನ್ನು ಕಳೆದುಕೊಂಡ ಸೊಸೆ ತನ್ನ ಅತ್ತೆಗೆ ಹೇಳುವ ಮಾತು: ನಿನ್ನನ್ನು ಬಿಟ್ಟು ಹೋಗು ಎನ್ನಬೇಡ, ನೀನಿರುವಲ್ಲಿ ನಾನೂ ಇರುತ್ತೇನೆ ಎಂಬ ಅರ್ಥದ್ದು. ನನ್ನ ಅಕ್ಷರ ಅವತ್ತಿನಷ್ಟು ಚೆಂದ ಯಾವತ್ತೂ ಬಂದಿರಲಿಲ್ಲ.

ಹೊಸ ವರ್ಷದ ದಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು. ತಟ್ಟೆಯ ಅಂಚಿನಲ್ಲಿ ಆ ಚೀಟಿಯನ್ನು ನನ್ನ ಹೆಬ್ಬೆರಳ ಕೆಳಗೆ ಒತ್ತಿ ಹಿಡಿದಿದ್ದೆ. ಮೇಲೆ ಸೆರಗು. ಒಬ್ಬೊಬ್ಬರು ಕೈ ಹಾಕುವಾಗಲೂ ತಟ್ಟೆಯನ್ನು ಒಂದಿಷ್ಟು ವಾಲಿಸಿ ಆ ಮೂಲೆ ಅವರಿಗೆ ಸಿಗದ ಹಾಗೆ ನೋಡಿಕೊಂಡೆ. ಬೆರಳು ಬೆವರುತ್ತಿತ್ತು. ಎಷ್ಟು ಜನ ಆದರೆಂದು ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ — ನಿನ್ನ ನೀಲಿ ಸೀರೆ ಸಾಲಿನಲ್ಲಿ ಹತ್ತಿರ ಬರುವುದಷ್ಟೇ ಕಾಣುತ್ತಿತ್ತು. ಆಗಲಾದರೂ ಹೆಬ್ಬೆರಳು ಎತ್ತಬಹುದಿತ್ತು. ಎತ್ತಿ, ಚೀಟಿಗಳನ್ನು ಒಂದು ಸಲ ಕಲಸಿ, ಆಮೇಲೆ ಏನು ಬರುತ್ತದೋ ಬರಲಿ ಎಂದು ಬಿಡಬಹುದಿತ್ತು. ಎಷ್ಟು ಹೊತ್ತಿನ ಕೆಲಸ ಅದು?

ನೀನು ಎದುರಿಗೆ ಬಂದು ನಿಂತೆ. ಕಣ್ಣು ಮುಚ್ಚಿಕೊಂಡೆ. ನಿನ್ನ ತುಟಿ ಅಲ್ಲಾಡುತ್ತಿತ್ತು. ಕೈ ಮುಂದೆ ಚಾಚಿದೆ. ನಾನು ಹೆಬ್ಬೆರಳು ಸಡಿಲಿಸಿ, ತಟ್ಟೆಯನ್ನು ತಿರುಗಿಸಿ, ಆ ಚೀಟಿಯನ್ನು ನಿನ್ನ ಬೆರಳ ತುದಿಗೆ ತಂದು ಮುಟ್ಟಿಸಿದೆ.

ಓದಿ ನೀನು ಅಲ್ಲೇ ಗೋಡೆಗೆ ಒರಗಿದೆ. ಆಮೇಲೆ ನನ್ನ ಕಡೆ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಅಕ್ಕಾ, ಎಷ್ಟ್ ಸ್ಪಷ್ಟ ಐತೆ ನೋಡ್ರಿ" ಎಂದೆ. ಅದರಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಹೂಂ, ಸ್ಪಷ್ಟ ಐತೆ, ಅಂದೆ ನಾನು. ಚೀಟಿಯ ಮೂಲೆಯಲ್ಲಿ ನನ್ನ ಬೆವರಿಗೆ ಶಾಯಿ ಕದಡಿ ಒಂದು ಕಲೆಯಾಗಿತ್ತು. ಅದನ್ನು ನಿನ್ನ ಕಣ್ಣೀರಿನ ಕಲೆ ಎಂದು ನೀನು ಇವತ್ತಿಗೂ ತಿಳಿದಿದ್ದೀಯ.

ಮನೆಗೆ ಬಂದು ನೀನು ಅದನ್ನು ಅವ್ವನಿಗೆ ತೋರಿಸಿದೆ. ಅವ್ವ ಓದಿದಳು. ಮೊದಲು ಚೀಟಿಯ ಅಕ್ಷರ ನೋಡಿದಳು, ಆಮೇಲೆ ನನ್ನನ್ನು. ನನಗೆ ಅಕ್ಷರ ತಿದ್ದಿಸಿದವಳೇ ಅವಳಲ್ಲವೇ? ಅವತ್ತು ಮಧ್ಯಾಹ್ನ ನಾನು ಗಂಜಿ ಹಿಡಿದು ಹೋದರೆ ಎಡಗೈಯಿಂದ ಬಟ್ಟಲನ್ನು ದೂಡಿಬಿಟ್ಟಳು. ಗಂಜಿಯೆಲ್ಲ ಚಾಪೆಯ ಮೇಲೆ ಚೆಲ್ಲಿತು. "ಅವ್ವನಿಗೆ ಮೈ ಹುಷಾರಿಲ್ಲ" ಎಂದು ನೀನೇ ಒರೆಸಿದೆ. ಆಮೇಲೆ ಅವಳು ಸಾಯುವತನಕ ನನ್ನ ಕೈಯಿಂದ ಒಂದು ಗುಟುಕೂ ಕುಡಿಯಲಿಲ್ಲ, ಸುಗುಣಾ. ಅವಳಿಗೆ ನಿನ್ನ ಕೈಯೇ ರೂಢಿ ಎಂದು ನೀನು ನನ್ನನ್ನು ಸಮಾಧಾನ ಮಾಡುತ್ತಿದ್ದೆ.

ಇಲ್ಲಿಗೆ ಎದ್ದೆ. ಹೊರಗೆ ಗಿರಣಿಯ ಭೋಂಗಾ ಕೂಗಿತು, ಮೂರು ಗಂಟೆ. ಇನ್ನೂ ಕೆಟ್ಟದ್ದೊಂದು ಬಾಕಿ ಇದೆ. ಇದನ್ನು ಬರೆಯದೆ ಇಲ್ಲಿಗೇ ನಿಲ್ಲಿಸಿದರೆ ನಾನು ಅವ್ವನಿಗಾಗಿ ಹಾಗೆ ಮಾಡಿದೆ ಎಂದು ನೀನು ತಿಳಿಯುತ್ತೀಯ, ಕ್ಷಮಿಸಿಯೂ ಬಿಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು. ಅದಕ್ಕೇ ಬರೆಯಬೇಕು.

ಹೊಸ ವರ್ಷಕ್ಕೆ ಎರಡು ದಿನ ಮುಂಚೆ, ನಾನು ಆ ಚೀಟಿ ಬರೆದಿಟ್ಟ ಮೇಲೆ, ದಾನಿಯೇಲಪ್ಪನವರು ಶಾಲೆಗೆ ಬಂದಿದ್ದರು. ಊಟದ ಬಿಡುವು. ಬೇವಿನ ಮರದ ಕೆಳಗೆ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಉಗುರಿನ ಸಂದಿಯಲ್ಲಿ ಕಾರ್ಖಾನೆಯ ಎಣ್ಣೆಯ ಕಪ್ಪು. "ಟೀಚರಮ್ಮಾರೆ, ಸುಗುಣಮ್ಮಾರಿಗೆ ಅವ್ವಾರ ಚಿಂತಿ ಇರ್ತೈತೆ, ನನಗೆ ತಿಳೀತೈತೆ. ನನ್ನ ಕ್ವಾರ್ಟರ್ಸು ಎರಡು ಖೋಲಿ ಐತ್ರಿ. ಅವ್ವಾರೂ ನಮ್ಮ ಸಂಗಡನೇ ಬರ್ಲಿ. ಮಂಚ ನಾನೇ ಬಿಚ್ಚಿ ಒಯ್ದು ಕಟ್ತೀನಿ. ನೀವೂ ಶನಿವಾರಕ್ಕೊಮ್ಮೆ ಬರ್ರಿ, ರೈಲು ಹತ್ತಿದ್ರೆ ಎಷ್ಟು ದೂರ? ನಾನೇ ಅವರಿಗೆ ಹೇಳೋದು ಸರಿ ಕಾಣಲ್ಲ. ಹೊಸ ವರ್ಷದೊಳಗ ಇದೊಂದು ಮಾತು ನೀವು ಮುಟ್ಟಿಸಿಬಿಡ್ರಿ."

"ಮುಟ್ಟಿಸ್ತೀನಿ" ಎಂದೆ.

ಮುಟ್ಟಿಸಲಿಲ್ಲ. ಅವತ್ತು ಸಂಜೆ ನೀನು, "ಯಾಕ ಅಕ್ಕಾ, ಮುಖ ಸಪ್ಪಗೈತೆ?" ಅಂದಾಗಲೂ ಇಲ್ಲ, ಮರುದಿನವೂ ಇಲ್ಲ, ಹನ್ನೆರಡು ವರ್ಷ ಇಲ್ಲ.

ಹಾಗಾಗಿ ಅವ್ವನ ನೆಪ ನನಗೆ ಸಲ್ಲುವುದಿಲ್ಲ. ಅವ್ವನಿಗೆ ದಾರಿಯಾಗಿತ್ತು. ನನಗೆ ಆಗಿರಲಿಲ್ಲ. ನೀವಿಬ್ಬರೂ ಹೋದರೆ ಈ ಮನೆಯ ಬೀಗ ತೆಗೆದು ಒಳಗೆ ಬರುವವಳು ನಾನೊಬ್ಬಳೇ — ಆ ಸದ್ದು ಕಿವಿಯಲ್ಲಿ ಕೇಳಿಸಿತು. ಅದೂ ಪೂರ್ತಿ ನಿಜವಲ್ಲ. ಬರೆದೇ ಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಾಯಿತು. ಮೂವತ್ತಾರು ವರ್ಷ ಆದರೂ ನನ್ನನ್ನು ಕೇಳಿಕೊಂಡು ಒಬ್ಬರೂ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ನಿನ್ನನ್ನು ಎರಡನೆಯ ಸಲ ಕೇಳಿದರು. ಅವರು ಬೇವಿನ ಮರದ ಕೆಳಗೆ ನಿಂತಿರುವುದನ್ನು ಕ್ಲಾಸಿನ ಕಿಟಕಿಯಿಂದ ನೋಡಿದಾಗ, ಒಂದು ಕ್ಷಣ, ಹುಚ್ಚಿಯ ಹಾಗೆ, ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದಿದ್ದೆ.

ನೀನು ಒಲ್ಲೆ ಎಂದದ್ದನ್ನು ಅಯ್ಯನವರು ಅವರಿಗೆ ತಿಳಿಸಿದರು. ಮುಂದಿನ ಭಾನುವಾರ ಅವರು ಬಂದು ಒರಗಿನ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ತಿರುಪಿಗೆ ಎಣ್ಣೆ ಬಿಟ್ಟು, "ಇನ್ನು ನಾಕೈದು ವರ್ಷ ಏನೂ ಆಗಲ್ರಿ" ಎಂದು ಹೋದರು. ನನ್ನ ಕಡೆ ನೋಡಿದರು. ಮಾತು ಮುಟ್ಟಿಸಿದ ಮೇಲೂ ನೀನು ಒಲ್ಲೆ ಎಂದೆ ಅಂದುಕೊಂಡೇ ಅವರು ಹೋದದ್ದು. ನೀನು ಒಳಗೆ ಒಲೆ ಊದುತ್ತಿದ್ದೆ. ಅದು ಆಗಲೇ ಉರಿಯುತ್ತಿದ್ದ ಒಲೆ, ಊದಬೇಕಾಗಿರಲಿಲ್ಲ.

ಅವ್ವ ಒಂದೂವರೆ ವರ್ಷಕ್ಕೆ ತೀರಿಹೋದಳು. ಮಣ್ಣು ಮಾಡಿ ಬಂದ ವಾರ, ನೀನು ಸತ್ಯವೇದ ತೆರೆದು ಆ ಸೊಸೆಯ ಕಥೆಯನ್ನು ಮೊದಲಿಂದ ಕೊನೆಯತನಕ ಓದಿ, ಬೆರಳು ಹಾಳೆಯಲ್ಲಿ ಇಟ್ಟುಕೊಂಡೇ ನನ್ನ ಹತ್ತಿರ ಬಂದೆ. "ಅಕ್ಕಾ, ನನ್ನ ವಚನ ಕಥೀ ಶುರುವಿನಾಗ ಐತೆ. ಮುಂದೆ ಆ ಸೊಸಿ ಅತ್ತಿ ಸಂಗಡನೇ ಇರ್ತಾಳೆ, ಮತ್ತೆ ಮದುವಿನೂ ಆಗ್ತಾಳಲ್ಲ? ಅತ್ತೀನೇ ಮುಂದೆ ನಿಂತು ದಾರಿ ತೋರಿಸ್ತಾಳೆ. ಹಂಗಂದ್ರೆ…"

ಹಂಗಂದ್ರೆ ಎಂದು ಅಲ್ಲಿಗೇ ನಿಲ್ಲಿಸಿದೆ ನೀನು. ನಾನು ಮೋಸಕ್ಕೆಂದು ಆರಿಸಿದ ವಚನವೇ, ಓದಬೇಕಾದ ಹಾಗೆ ಪೂರ್ತಿ ಓದಿದ್ದರೆ, ನಿನಗೆ ಹೋಗು ಎಂದು ಹೇಳುತ್ತಿತ್ತು. ಅತ್ತೆಯನ್ನೂ ಬಿಡದೆ, ಮದುವೆಯನ್ನೂ ಬಿಡದೆ — ಅವರು ಬೇವಿನ ಮರದ ಕೆಳಗೆ ಹೇಳಿದ್ದೂ ಅದನ್ನೇ ಅಲ್ಲವೇ? ಮತ್ತು, ಸುಗುಣಾ, ಆಗಿನ್ನೂ ದಾನಿಯೇಲಪ್ಪನವರ ಮದುವೆ ಆಗಿರಲಿಲ್ಲ.

ಸತ್ಯ ಹೇಳಲು ನನಗೆ ಸಿಕ್ಕಿದ ಎರಡನೆಯ ಅವಕಾಶ ಅದು. ನೀನೇ ನಿನ್ನ ಬುದ್ಧಿಯಿಂದ ಬಾಗಿಲವರೆಗೆ ಬಂದು ನಿಂತಿದ್ದೆ. ನಾನು ಪುಸ್ತಕ ಮುಚ್ಚಿ, ಟೀಚರಮ್ಮನ ದನಿ ತಂದುಕೊಂಡು ಹೇಳಿದೆ: "ದೇವರು ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಡ್ತಾನೆ. ನಿನಗೆ ಕೊಟ್ಟಿದ್ದು ಅದು. ಮುಂದಿನದು ಬೇರೆಯವರದು."

ಎಂಥ ಮಾತು! ಕೇಳಲು ಎಷ್ಟು ಚೆಂದ. ನನಗೇ ಚೆಂದ ಅನ್ನಿಸಿತು, ಅದೇ ನನ್ನ ನಾಚಿಕೆಗೇಡು. ನೀನು ತಲೆಯಾಡಿಸಿದೆ. ಮರುವರ್ಷ ಅವರು ಅವರ ಊರ ಕಡೆಯ ಹೆಣ್ಣನ್ನು ಮದುವೆಯಾದರು. ಆ ವರ್ಷವೇ ಹೆಂಗಸರ ಕೂಟದಲ್ಲಿ ನೀನು ಮೊದಲ ಸಲ ಎದ್ದು ನಿಂತು, ದೇವರು ಚೀಟಿಯಲ್ಲಿ ಉತ್ತರ ಕೊಟ್ಟನೆಂದು ನಿನ್ನ ಸಾಕ್ಷಿ ಹೇಳಿದೆ. ಕೊನೆಗೆ ನನ್ನ ಆ ಮಾತನ್ನೂ ಹೇಳಿದೆ. ಎಲ್ಲರೂ ಬರೆದುಕೊಂಡರು. ಅಂದಿನಿಂದ ನೀನು ಹೊಸ ವರ್ಷಕ್ಕೆ ಕಾಯದೆ, ಕೇಳಿದವರ ಮುಂದೆಲ್ಲ ಚೀಟಿಯ ತಟ್ಟೆ ಹಿಡಿಯತೊಡಗಿದೆ, ಜನ ಸಲಹೆಗೆಂದು ನಮ್ಮ ಮನೆಗೆ ಬರತೊಡಗಿದರು. ಮಗಳನ್ನು ನರ್ಸು ಕೆಲಸಕ್ಕೆ ಕಳಿಸಲೋ, ಮಗನಿಗೆ ಯಾವ ಹೆಣ್ಣು ತರಲೋ — ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಸಲಹೆ ಕೊಡುತ್ತಿದ್ದೆ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಹೆಬ್ಬೆರಳು.

ದೇವರಿಗೆ ಹೇಳಿಕೊಂಡೆಯಾ ಎಂದು ಕೇಳುತ್ತೀಯೇನೋ. ಹೇಳಿಕೊಂಡೆ, ನೂರು ಸಲ. ಅವನಿಗೆ ಗೊತ್ತಿರುವುದನ್ನು ಅವನಿಗೇ ಹೇಳುವುದಕ್ಕೆ ಏನು ಧೈರ್ಯ ಬೇಕು? ಕಾಣಿಕೆ ಇಡುವ ಮೊದಲು ನಿನ್ನ ಮೇಲೆ ನೋವಿರುವವರ ಹತ್ತಿರ ಹೋಗಿ ಸರಿಮಾಡಿಕೊಂಡು ಬಾ ಎಂದು ಅವನು ಹೇಳಿದ್ದನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ನಿನ್ನ ಪಕ್ಕದಲ್ಲೇ ಮೊಣಕಾಲೂರಿ ಹನ್ನೆರಡು ವರ್ಷ ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸ ತೆಗೆದುಕೊಂಡಿದ್ದೇನೆ. ನಿನ್ನ ಮೊಣಕೈ ನನಗೆ ತಗಲುತ್ತಿತ್ತು.

ಹೋದ ಕ್ರಿಸ್‌ಮಸ್ಸಿಗೆ ದಾನಿಯೇಲಪ್ಪನವರು ಸಂಸಾರದೊಂದಿಗೆ ಬಂದದ್ದು ನೆನಪಿದೆಯಲ್ಲ. ದೊಡ್ಡ ಮಗಳಿಗೆ ಫ್ರಾಕು ಹೊಲಿಸಬೇಕೆಂದು ಅವರ ಹೆಂಡತಿ ನಿನ್ನ ಹತ್ತಿರ ಕರೆತಂದರು. ನೀನು ಆ ಹುಡುಗಿಯ ಹೆಗಲ ಅಳತೆ ತೆಗೆದೆ, ಸೊಂಟದ ಅಳತೆ ತೆಗೆದೆ. ಬರೆದುಕೊಂಡೂ ಆಯಿತು. ಆದರೂ ಟೇಪು ಅವಳ ಕೊರಳಲ್ಲೇ ಇತ್ತು, ಅದರ ಎರಡು ತುದಿ ನಿನ್ನ ಕೈಯಲ್ಲಿ. ನೀನು ಅವಳ ಮುಖವನ್ನೇ ನೋಡುತ್ತಿದ್ದೆ. ಆ ಹುಡುಗಿ ನಾಚಿ, "ಆತೇನ್ರಿ ಆಂಟೀ?" ಎಂದ ಮೇಲೆ ಬಿಟ್ಟೆ. ನಾನು ಅಡುಗೆಮನೆಗೆ ಎದ್ದು ಹೋದೆ. ಅವತ್ತು ಸಂಜೆ ಖುರ್ಶೀದಬೀ ಗೋಡೆಯಾಚೆ ಇದ್ದರು. ಇಷ್ಟು ವರ್ಷದಲ್ಲಿ ಅವರು ಆ ವಿಷಯ ಎತ್ತಿದ್ದು ಅದೊಂದೇ ಸಲ. "ಸುಗುಣಾ ಈಗ ಹಾಡೋದು ಕೇಳಲ್ಲ ನೋಡ್ರಿ" ಎಂದರು, ಅಷ್ಟೇ.

ಅವತ್ತೂ ಹೇಳಲಿಲ್ಲ ನಾನು. ಮುಗಿದುಹೋದದ್ದು, ಈಗ ಹೇಳಿ ಅವಳ ಸಮಾಧಾನ ಯಾಕೆ ಕೆಡಿಸಲಿ ಎಂದುಕೊಂಡೆ. ನನಗೆ ನಾನೇ ಕೊಟ್ಟುಕೊಂಡ ಸಲಹೆ ಅದು, ಅದರ ಲಾಭವೂ ನನಗೇ. ಆದರೆ ಮುಗಿದಿಲ್ಲ. ನಾಳೆ ಹರಿಹರದಲ್ಲಿ ನೀನು ತಟ್ಟೆ ಹಿಡಿಯುತ್ತೀಯ. ನಿನ್ನ ಹೆಬ್ಬೆರಳ ಕೆಳಗೆ ಏನೂ ಇರುವುದಿಲ್ಲ, ಅದು ನನಗೆ ಗೊತ್ತು. ಆದರೆ ಮೊದಲು ನಿನ್ನ ಸಾಕ್ಷಿ ಹೇಳುತ್ತೀಯ. ಅದನ್ನು ಕೇಳಿದ ಮೇಲೆ ಪ್ರೇಮಲತಾ ಯಾವ ಚೀಟಿ ತೆಗೆದರೂ ಅದರಲ್ಲಿ ಬೇಡ ಎಂದೇ ಓದಿಕೊಳ್ಳುತ್ತಾಳೆ. ಮುಂದಿನ ಹಾಳೆಯ ವಿಷಯ ಕೇಳಿದರೆ ನೀನು ನನ್ನ ಮಾತನ್ನೇ ಹೇಳುತ್ತೀಯ. ನಾನು ಅವ್ವನ ಮನೆಯಲ್ಲಿ ಮಾಡಿದ್ದು ಇನ್ನೊಂದು ಮನೆಯಲ್ಲಿ, ನಿನ್ನ ಶುದ್ಧವಾದ ಕೈಯಿಂದ, ಮತ್ತೊಮ್ಮೆ ನಡೆಯುತ್ತದೆ.

ಅವಳಿಗೆ ಏನು ಹೇಳಬೇಕು? ನನಗೆ ಹೇಳುವ ಹಕ್ಕಿಲ್ಲ. ಅಯ್ಯನವರು ನಮ್ಮ ಪಡಸಾಲೆಯಲ್ಲಿ ಹೇಳಿದ್ದನ್ನು ಬೇಕಾದರೆ ಹೇಳು. ಆ ಮಾಸ್ತರ ಸಂಗಡ ಅವಳೇ ಮಾತಾಡಲಿ, ನಡುವೆ ನನ್ನಂಥವರನ್ನು ಇಟ್ಟುಕೊಳ್ಳುವುದು ಬೇಡ. ಅತ್ತೆಯನ್ನು ಕೇಳಲಿ. ಆ ಕಥೆಯನ್ನು ಕೊನೆಯ ಸಾಲಿನವರೆಗೂ ಓದಲಿ. ಯಾರಾದರೂ ದೇವರ ಹೆಸರು ಹಿಡಿದು ದಾರಿ ಹೇಳಲು ಬಂದರೆ, ಮುಖ ನೋಡುವ ಮೊದಲು ಅವರ ಕೈ ನೋಡಲಿ.

ಕ್ಷಮಿಸು ಎಂದು ಬರೆಯಲು ಮೂರು ಸಲ ಲೇಖನಿ ಅದ್ದಿದೆ. ಬರೆಯುವುದಿಲ್ಲ. ನೀನು ಕ್ಷಮಿಸಬೇಕಾದದ್ದು ದೇವರ ಚಿತ್ತ ಎಂದು ಅದರ ಹಿಂದೆಯೇ ಇನ್ನೊಂದು ಮಾತು ಬಂದುಬಿಡುತ್ತದೆ, ನನಗೆ ನನ್ನ ಬಗ್ಗೆ ಅಷ್ಟು ಗೊತ್ತು. ಈ ಸಲ ನಿನ್ನ ಉತ್ತರವನ್ನು ನಾನು ಬರೆಯುವುದಿಲ್ಲ. ನಾಳೆ ನೀನು ಹರಿಹರಕ್ಕೆ ಹೋಗುವುದಾದರೆ, ಬಾ ಎಂದರೆ ಬಂದು ಪ್ರೇಮಲತಾಳ ಮುಂದೆ ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ಬರಬೇಡ ಎಂದರೆ ಇಲ್ಲೇ ಇರುತ್ತೇನೆ. ಹಿಂತಿರುಗಿ ಬರುವುದಿಲ್ಲ ಎಂದರೆ — ಬೀಗದ ಕೈ ಗೂಟದಲ್ಲೇ ಇದೆ, ನನಗೆ ಬಾಗಿಲು ತೆಗೆಯಲು ಬರುತ್ತದೆ.

ನಾಲ್ಕು ಗಂಟೆ ದಾಟಿತು. ಚೀಟಿಗಳು ಹಾಗೇ ಇವೆ, ಆ ಎರಡು ಅಕ್ಷರ ಬಿಟ್ಟರೆ ಒಂದನ್ನೂ ಬರೆದಿಲ್ಲ. ನೀನು ಬಂದು ಚಪ್ಪಲಿ ಬಿಟ್ಟು, "ಬರ್ದ್ರೇನ್ರಿ ಅಕ್ಕಾ?" ಎಂದು ಕೇಳುತ್ತೀಯ. ಆಗ ಈ ಹಾಳೆಗಳನ್ನು ಕೊಡುತ್ತೇನೆ. ನೀನು ಓದುವಾಗ ನೀರಿನ ನೆಪ, ಒಲೆಯ ನೆಪ ಮಾಡಿ ಒಳಗೆ ಎದ್ದು ಹೋಗುವುದಿಲ್ಲ. ನಿನ್ನ ಎದುರಿಗೇ ಕುಳಿತಿರುತ್ತೇನೆ, ಎರಡೂ ಕೈ ಮೇಜಿನ ಮೇಲೆ ಇಟ್ಟುಕೊಂಡು, ನಿನಗೆ ಕಾಣುವ ಹಾಗೆ.